ಬೊಂಡಾಸಿನ ಒಡಲೊಳಗಿನ ದೀಪ

ಎರಡು ವಸ್ತುಗಳನ್ನು ಒಂದಕ್ಕೊಂದು ಹೋಲಿಸಬೇಕಾದರೆ ಅವೆರಡಕ್ಕೂ ಸಲ್ಲುವ ಸಮಾನಧರ್ಮವೊಂದು ಇರಲೇಬೇಕೆಂದು ನಮ್ಮ ಆಲಂಕಾರಿಕರು ಬಹು ಹಿಂದೆಯೇ ವಿಧಿಸಿದ್ದಾರೆ. ಮುಖದಲ್ಲಿಯೂ ಚಂದ್ರನಲ್ಲಿಯೂ ಕಾಂತಿಯೆಂಬುದು ಇಲ್ಲದೆ ಹೋಗಿದ್ದರೆ ಮುಖವನ್ನು ಚಂದ್ರನಿಗೆ ಹೋಲಿಸುವ ಧೈರ್ಯ ಯಾವ ಕವಿಗೂ ಬರುತ್ತಿರಲಿಲ್ಲ. ಈ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡು, ಹವಾಯಿ ದ್ವೀಪಗಳ ತೀರದ ಆಳವಿಲ್ಲದ ನೀರಿನಲ್ಲಿ ಬಾಳುವ ಒಂದು ಪುಟ್ಟ ಪ್ರಾಣಿಯನ್ನೂ ಅದೇ ನೀರಿನಲ್ಲಿ ತೇಲುವ ಒಂದು ಬ್ಯಾಕ್ಟೀರಿಯವನ್ನೂ ಎದುರುಬದುರಾಗಿ ಇರಿಸಿ ನೋಡಿದರೆ, ಹೋಲಿಕೆಗೆ ಇಲ್ಲಿ ಎಡೆಯೇ ಇಲ್ಲವೆಂದು ಮೊದಲ ನೋಟಕ್ಕೆ ತೋರುವುದು ಸಹಜ.

ಮೊದಲನೆಯದು, ಮಂಗಳೂರು ಮಲ್ಪೆಗಳ ಕಡೆಯವರು ಬೊಂಡಾಸ್ ಎಂದು ಕರೆಯುವ ಮೃದ್ವಂಗಿಯ ದೂರದ ಬಂಧು. ಶಾಸ್ತ್ರದಲ್ಲಿ ಅದರ ಹೆಸರು ಯೂಪ್ರಿಮ್ನ ಸ್ಕೊಲೋಪಿಸ್. ಎಂಟು ತೋಳುಗಳು, ಬೇಟೆಗೆಂದೇ ಚಾಚುವ ಎರಡು ನೀಳವಾದ ಕೈಗಳು, ಮೂರು ಹೃದಯಗಳು, ನೀಲಿ ಛಾಯೆಯ ರಕ್ತ, ತಲೆಯನ್ನೆಲ್ಲ ತಾವೇ ಆಕ್ರಮಿಸಿಕೊಂಡಂತೆ ಕಾಣುವ ಎರಡು ಕಣ್ಣುಗಳು, ಅವುಗಳ ನಡುವೆ ಚೆನ್ನಾಗಿ ಬೆಳೆದ ಮೆದುಳು, ಇಷ್ಟೆಲ್ಲವೂ ಸುಮಾರು 3 ಸೆಂಟಿಮೀಟರು ಉದ್ದದ ಒಡಲಿಗೆ ಅಳವಟ್ಟಿವೆ. ಎರಡನೆಯದಾದ ವಿಬ್ರಿಯೊ ಫಿಷೆರಿಯಾದರೋ ಒಂಟಿ ಜೀವಕೋಶ. ಆ ಕೋಶಕ್ಕೆ ಕೇಂದ್ರವೆಂಬುದೂ ಇಲ್ಲ. ಒಂದು ತುದಿಯಲ್ಲಿ ಈಜಲು ನೆರವಾಗುವ ಕೆಲವು ಎಳೆಗಳ ಗೊಂಚಲಿದೆಯಷ್ಟೆ. ಅದರ ಉದ್ದ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲು. ಅಂದರೆ ಒಂದಕ್ಕಿಂತ ಇನ್ನೊಂದು ಉದ್ದದಲ್ಲಿ ಹದಿನೈದು ಸಾವಿರ ಮಡಿ ದೊಡ್ಡದು. ಜೀವಿಯ ಲಕ್ಷಣಗಳನ್ನೆಲ್ಲ ಬರೆದಿಟ್ಟಿರುವ ಆನುವಂಶಿಕ ಲಿಪಿಯನ್ನು ತೆಗೆದುಕೊಂಡರೆ, 2005ರಲ್ಲಿ ಪ್ರಕಟವಾದ ಬ್ಯಾಕ್ಟೀರಿಯದ ಲಿಪಿಯಲ್ಲಿ ಸುಮಾರು 43 ಲಕ್ಷ ಅಕ್ಷರಗಳಿದ್ದರೆ, 2019ರಲ್ಲಿ ಪ್ರಕಟವಾದ ಪ್ರಾಣಿಯ ಲಿಪಿಯಲ್ಲಿ ಸುಮಾರು 510 ಕೋಟಿ ಅಕ್ಷರಗಳಿವೆ. ಇದು ಮನುಷ್ಯನ ಲಿಪಿಗಿಂತಲೂ ದೀರ್ಘವಾದುದು.

ಆದರೂ ಸಮಾನಧರ್ಮವೊಂದು ಇದ್ದೇ ಇದೆ. ಅದು ಬೆಳಕು. ಆ ಬೆಳಕು ಇವೆರಡರಲ್ಲಿ ಯಾರ ಸೊತ್ತು ಎಂಬ ಪ್ರಶ್ನೆಯ ಬೆನ್ನುಹತ್ತಿದವರಿಗೆ, ದೊಡ್ಡದು ಚಿಕ್ಕದು ಎಂಬ ನಮ್ಮ ಅಳತೆಗೋಲು ಈ ಸಂದರ್ಭದಲ್ಲಿ ಎಷ್ಟು ನಿಷ್ಪ್ರಯೋಜಕವೆಂಬುದು ಸ್ವಲ್ಪ ಸ್ವಲ್ಪವಾಗಿ ವಿಶದವಾಗುತ್ತಾ ಬಂದಿದೆ.

1913ರಲ್ಲಿ ಅಮೆರಿಕದ ಮೃದ್ವಂಗಿತಜ್ಞ ಎಸ್. ಸ್ಟಿಲ್‌ಮನ್ ಬೆರಿ ಮೊದಲು ವರ್ಣಿಸಿ ಹೆಸರಿಟ್ಟ ಈ ಪ್ರಾಣಿಯು ನಿಶಾಚರಿ. ಹಗಲು ಹೊತ್ತು ಮರಳಿನಲ್ಲಿ ಹೂತುಕೊಂಡು, ಮೈಯಿಂದ ಒಸರುವ ಅಂಟಿಗೆ ಮರಳಿನ ಕಣಗಳನ್ನು ಮೆತ್ತಿಕೊಂಡು, ತಾನೂ ಮರಳೇ ಆಗಿ ಮಲಗಿರುತ್ತದೆ. ಕತ್ತಲು ಕವಿದ ಬಳಿಕ ಮೇಲೆದ್ದು ಸಿಗಡಿಗಳನ್ನು ಅರಸುತ್ತ ಹೊರಡುತ್ತದೆ. ಆದರೆ ಕಡಲಿನ ಇರುಳು ಅಡಗಿಕೊಳ್ಳಲು ನಾವು ಭಾವಿಸುವಷ್ಟು ಅನುಕೂಲವಾದುದಲ್ಲ. ತಿಳಿಯಾದ, ಆಳವಿಲ್ಲದ ನೀರಿನೊಳಕ್ಕೆ ಬೆಳದಿಂಗಳೂ ನಕ್ಷತ್ರಗಳ ಬೆಳಕೂ ಇಳಿಯುತ್ತಲೇ ಇರುತ್ತವಾದ್ದರಿಂದ, ಕೆಳಗಿನಿಂದ ಕತ್ತೆತ್ತಿ ನೋಡುವ ಹಸಿದ ಮೀನಿಗೆ ಮೇಲೆ ಈಜುವ ಪ್ರಾಣಿಯು ಕಪ್ಪು ಆಕೃತಿಯಾಗಿ ಎದ್ದು ಕಾಣುವುದು. ಈ ಅಪಾಯಕ್ಕೆ ನಮ್ಮ ಪುಟ್ಟ ಪ್ರಾಣಿಯು ಕಂಡುಕೊಂಡ ಪರಿಹಾರವೆಂದರೆ, ಮೇಲಿನಿಂದ ಎಷ್ಟು ಬೆಳಕು ತನ್ನ ಬೆನ್ನ ಮೇಲೆ ಬೀಳುತ್ತದೆಯೋ ಅಷ್ಟನ್ನೇ ತನ್ನ ಹೊಟ್ಟೆಯ ಕಡೆಯಿಂದ ಕೆಳಕ್ಕೆ ಬೀರುವುದು. ದಮಯಂತಿಯ ಸ್ವಯಂವರದಲ್ಲಿ ನಳನ ರೂಪು ತಾಳಿ ಕುಳಿತ ದೇವತೆಗಳನ್ನು ಅವರಿಗೆ ನೆರಳಿಲ್ಲವೆಂಬ ಗುರುತಿನಿಂದ ಆಕೆ ಕಂಡುಹಿಡಿದಳಷ್ಟೆ. ಇಲ್ಲಿ ಈ ಪ್ರಾಣಿಯು ತನ್ನ ನೆರಳನ್ನು ತಾನೇ ಅಳಿಸಿಹಾಕಿ ಕಣ್ಮರೆಯಾಗುತ್ತದೆ.

ಇದಕ್ಕಾಗಿ ಅದರ ಒಡಲೊಳಗೆ ಮಸಿಯ ಚೀಲಕ್ಕೆ ಅಂಟಿಕೊಂಡಂತೆ ಎರಡು ಹಾಲೆಗಳುಳ್ಳ ಒಂದು ದೀಪಾಂಗವಿದೆ. ಅದರ ರಚನೆಯನ್ನು ಸಾವಕಾಶವಾಗಿ ಗಮನಿಸಬೇಕು. ಬೆಳಕು ಮೇಲ್ಮುಖವಾಗಿ ಪೋಲಾಗದಂತೆ ಅದನ್ನು ಕೆಳಕ್ಕೆ ಹೊರಳಿಸುವ ಪ್ರತಿಫಲಕವುಂಟು; ಹೊರಬರುವ ಬೆಳಕನ್ನು ಹದವಾಗಿ ಹರಡುವ ಪಾರದರ್ಶಕ ಮಸೂರವುಂಟು; ಬೆಳಕು ಹೆಚ್ಚಾಯಿತೆಂದು ಕಂಡರೆ ಕಿಟಕಿಯ ಪರದೆಯಂತೆ ಸರಿದು ಬಂದು ಅದನ್ನು ಮರೆಮಾಡಲು ಮಸಿಯ ಚೀಲವೇ ಇದೆ. ಅಷ್ಟೇ ಅಲ್ಲ, ಈ ಅಂಗಕ್ಕೆ ಬೆಳಕನ್ನು ಬೀರುವುದರ ಜೊತೆಗೆ ಬೆಳಕನ್ನು ಗ್ರಹಿಸುವ ಶಕ್ತಿಯೂ ಉಂಟೆಂದು 2009ರಲ್ಲಿ ತಿಳಿದುಬಂದಿತು. ಕಣ್ಣಿನಲ್ಲಿ ಕೆಲಸಮಾಡುವ ದ್ರವ್ಯಗಳೇ ಇಲ್ಲಿಯೂ ಇವೆ. ಹೀಗೆ ಸರ್ವಾಂಗಸುಂದರವಾದ ಈ ದೀಪದಲ್ಲಿ ಒಂದು ಮಾತ್ರ ಇಲ್ಲ. ಬೆಳಕನ್ನು ಹುಟ್ಟಿಸುವ ಸಾಮರ್ಥ್ಯ ಪ್ರಾಣಿಗಿಲ್ಲ. ಹಣತೆಯನ್ನು ಮಾಡಿ, ಗೂಡಿನಲ್ಲಿಟ್ಟು, ಗಾಳಿಗೆ ಮರೆಯನ್ನೂ ಕಟ್ಟಿದ ಮನೆಯವರು ಕಿಚ್ಚನ್ನು ಮಾತ್ರ ನೆರೆಮನೆಯಿಂದ ತರಬೇಕಾಗಿ ಬಂದಂತಿದೆ ಅದರ ಸ್ಥಿತಿ.

ಆ ಕಿಚ್ಚು ಬ್ಯಾಕ್ಟೀರಿಯದ್ದು. ಕೊಳೆಯುತ್ತಿರುವ ಮರ ಮತ್ತು ಮೀನು ಕತ್ತಲಲ್ಲಿ ಮಿನುಗುವುದನ್ನು ಕಂಡ ರಾಬರ್ಟ್ ಬಾಯ್ಲ್, 1660ರ ದಶಕದಲ್ಲಿ, ಅವುಗಳನ್ನು ಗಾಜಿನ ಪಾತ್ರೆಯಲ್ಲಿಟ್ಟು ಗಾಳಿಯನ್ನು ಹೊರಕ್ಕೆ ಸೆಳೆದಾಗ ಆ ಬೆಳಕು ಕುಂದಿಹೋಗುವುದನ್ನು ತೋರಿಸಿದ್ದನು. ಮಿನುಗುವುದು ಮೀನಲ್ಲ, ಮೀನಿನ ಮೇಲಿನ ಅಣುಜೀವಿಗಳು ಎಂಬುದು ತಿಳಿಯಲು ಇನ್ನೂ ಎರಡು ಶತಮಾನ ಬೇಕಾಯಿತು. 1889ರಲ್ಲಿ ಡಚ್ ವಿಜ್ಞಾನಿ ಬೈಯರಿಂಕ್ ನಮ್ಮ ಬ್ಯಾಕ್ಟೀರಿಯಕ್ಕೆ ಜರ್ಮನಿಯ ವೈದ್ಯ ಬರ್ನ್‌ಹಾರ್ಡ್ ಫಿಷರನ ಹೆಸರಿಟ್ಟನು. (2007ರಲ್ಲಿ ಇದನ್ನು ಆಲಿವಿಬ್ರಿಯೊ ಎಂಬ ಬೇರೊಂದು ಕುಲಕ್ಕೆ ಸೇರಿಸಲಾಗಿದೆಯಾದರೂ ಹಳೆಯ ಹೆಸರೇ ಬಳಕೆಯಲ್ಲಿ ಹೆಚ್ಚು.) ಲೂಸಿಫರೇಸ್ ಎಂಬ ಕಿಣ್ವವು ಈ ಜೀವಿಯೊಳಗೆ ಆಮ್ಲಜನಕವನ್ನು ಬಳಸಿಕೊಂಡು ಎರಡು ದ್ರವ್ಯಗಳನ್ನು ದಹಿಸುತ್ತದೆ, ಆದರೆ ಆ ದಹನದಿಂದ ಹೊರಡುವುದು ಉರಿಯಲ್ಲ, ಬಿಸಿಯೂ ಅಲ್ಲ, ಹಸುರು ಬೆರೆತ ನೀಲಿಯ ತಂಪು ಬೆಳಕು. ಬಾಯ್ಲ್ ಗಾಳಿಯನ್ನು ತೆಗೆದಾಗ ಬೆಳಕು ಆರಿದ್ದೇಕೆಂಬುದಕ್ಕೆ ಉತ್ತರ ಇದರಲ್ಲಿಯೇ ಇದೆ.

ಒಂಟಿಯಾಗಿರುವ ಬ್ಯಾಕ್ಟೀರಿಯವು ಬೆಳಗುವ ಗೋಜಿಗೇ ಹೋಗುವುದಿಲ್ಲವೆಂಬುದು ಇನ್ನೂ ಕುತೂಹಲಕರವಾದ ಸಂಗತಿ. 1970ರಲ್ಲಿ ನೀಲ್ಸನ್, ಪ್ಲಾಟ್ ಮತ್ತು ಹೇಸ್ಟಿಂಗ್ಸ್ ಎಂಬ ಮೂವರು ಸೀಸೆಗಳಲ್ಲಿ ದೀಪ್ತಿಯುಳ್ಳ ಕಡಲ ಬ್ಯಾಕ್ಟೀರಿಯಗಳನ್ನು ಬೆಳೆಸಿ ನೋಡಿದಾಗ, ಅವು ಬಹಳ ಹೊತ್ತು ಕತ್ತಲಲ್ಲಿಯೇ ವೃದ್ಧಿಯಾಗುತ್ತ ಹೋಗಿ, ಸಂಖ್ಯೆಯು ಒಂದು ಮಿತಿಯನ್ನು ಮುಟ್ಟಿದೊಡನೆ ಎಲ್ಲವೂ ಒಟ್ಟಾಗಿ ಬೆಳಗತೊಡಗುವುದನ್ನು ಕಂಡರು. ಪ್ರತಿಯೊಂದು ಕೋಶವೂ ಒಂದು ದ್ರವ್ಯವನ್ನು ಅತ್ಯಲ್ಪವಾಗಿ ಹೊರಸೂಸುತ್ತಿರುತ್ತದೆ; ವಿಶಾಲವಾದ ಕಡಲಿನಲ್ಲಿ ಅದು ಕರಗಿಹೋಗುತ್ತದೆ; ಇಕ್ಕಟ್ಟಾದ ಎಡೆಯಲ್ಲಿ ಕೋಶಗಳು ಕಿಕ್ಕಿರಿದಾಗಲಾದರೋ ಅದು ಸಾಂದ್ರವಾಗಿ, ದೀಪ ಹೊತ್ತಿಸುವ ಜೀನುಗಳಿಗೆ ಅಪ್ಪಣೆಯಾಗಿ ಪರಿಣಮಿಸುತ್ತದೆ. ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿಗೆ ನಮ್ಮ ಪಂಚಾಯತಿಗಳಲ್ಲಿ ಕೋರಂ ಎನ್ನುವುದುಂಟಷ್ಟೆ. 1994ರಲ್ಲಿ ವಿಜ್ಞಾನಿಗಳು ಈ ವ್ಯಾಪಾರಕ್ಕೂ ಅದೇ ಪದವನ್ನು ಬಳಸಿದರು. ಕೋರಂ ಇಲ್ಲದೆ ಬ್ಯಾಕ್ಟೀರಿಯಗಳ ಸಭೆ ಬೆಳಗುವುದಿಲ್ಲ. ಅಂಥ ದಟ್ಟಣೆ ಸೇರಲು ತಕ್ಕ ಸಭಾಂಗಣ ತೆರೆದ ಕಡಲಿನಲ್ಲಿ ಎಲ್ಲಿದೆ? ಅದು ಇರುವುದು ನಮ್ಮ ಪ್ರಾಣಿಯ ದೀಪಾಂಗದೊಳಗೆ.

ಒಂದು ಸಂಜೆ ಕಳೆದು ಕತ್ತಲಾಗುವ ಹೊತ್ತಿಗೆ ಮೊಟ್ಟೆಯಿಂದ ಹೊರಬಂದ ಮರಿಯೊಂದನ್ನು ನಾವು ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು. ಅದರ ಒಡಲು ಹೆಚ್ಚೆಂದರೆ 2 ಮಿಲಿಮೀಟರು. ಒಳಗಿರುವ ದೀಪಾಂಗದಲ್ಲಿ ಒಂದು ಬ್ಯಾಕ್ಟೀರಿಯವೂ ಇಲ್ಲ. ಆದರೆ ಅಂಗದ ಎರಡು ಪಕ್ಕಗಳಲ್ಲಿಯೂ, ಮುಂದಕ್ಕೆ ಚಾಚಿದ ತೋಳುಗಳಂತೆ, ಸೂಕ್ಷ್ಮ ರೋಮಗಳಿಂದ ಕೂಡಿದ ಉಪಾಂಗಗಳಿವೆ. ಅವುಗಳ ಬುಡದಲ್ಲಿ ಪಕ್ಕಕ್ಕೆ ಮೂರರಂತೆ ಆರು ರಂಧ್ರಗಳು. ಮರಿಯು ಉಸಿರಾಟಕ್ಕಾಗಿ ನೀರನ್ನು ಒಳಕ್ಕೆಳೆದು ಹೊರಕ್ಕೆ ಬಿಡುವಾಗಲೆಲ್ಲ ಕಡಲಿನ ಸಮಸ್ತ ಅಣುಜೀವಿಗಳೂ ಆ ನೀರಿನೊಡನೆ ಬಂದು ಹೋಗುತ್ತವೆ. ಒಂದು ಮಿಲಿಲೀಟರಿನಲ್ಲಿ ಸುಮಾರು ಹತ್ತು ಲಕ್ಷ ಬ್ಯಾಕ್ಟೀರಿಯಗಳಿದ್ದರೆ ಅವುಗಳಲ್ಲಿ ಫಿಷೆರಿಗಳು ಸಾವಿರಕ್ಕೆ ಒಂದೂ ಇರುವುದಿಲ್ಲ. ಈ ಜಾತ್ರೆಯಲ್ಲಿ ತನಗೆ ಬೇಕಾದ ಒಬ್ಬನನ್ನು, ಕಣ್ಣಿಗೆ ಕಾಣದವನನ್ನು, ಮರಿಯು ಆರಿಸಿಕೊಳ್ಳಬೇಕು.

ಬ್ಯಾಕ್ಟೀರಿಯಗಳ ಹೊರಕವಚದ ಚೂರುಗಳು ತಾಗಿದೊಡನೆ ಉಪಾಂಗಗಳು ಲೋಳೆಯನ್ನು ಸ್ರವಿಸತೊಡಗುತ್ತವೆ. ರೋಮಗಳ ಬಡಿತದಿಂದ ನೀರು ಆ ಲೋಳೆಯ ಕಡೆಗೆ ಹರಿಯುತ್ತದೆ. ಕೆಲವು ಗಂಟೆಗಳೊಳಗೆ ಅಲ್ಲಿ ಫಿಷೆರಿಗಳ ಗುಂಪೇ ಪ್ರಧಾನವಾಗಿ ಉಳಿಯುತ್ತದೆ. ಐದಾರು ಕೋಶಗಳು ಅಂಟಿಕೊಂಡರೂ ಸಾಕು, ಪ್ರಾಣಿಯ ಜೀನುಗಳ ವರ್ತನೆಯೇ ಬದಲಾಗುವುದೆಂದು 2013ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿವೆ. ಆಗ ಮರಿಯು ಕೈಟಿನ್ ಎಂಬ ವಸ್ತುವನ್ನು ಒಡೆದು ಅದರ ಸಕ್ಕರೆಯನ್ನು ಒಳಗಿನಿಂದ ಹೊರಕ್ಕೆ ಒಸರಿಸುತ್ತದೆ; ಸಿಹಿಯ ಜಾಡನ್ನು ಹಿಡಿದ ಇರುವೆಯ ಸಾಲಿನಂತೆ ಫಿಷೆರಿಗಳು ರಂಧ್ರಗಳ ಕಡೆಗೆ ಈಜುತ್ತವೆ. ದಾರಿ ಸುಗಮವಾದುದಲ್ಲ. ನಾಳದೊಳಗಿನ ರೋಮಗಳು ಬಂದವರನ್ನು ಹೊರಕ್ಕೆ ನೂಕುತ್ತಲೇ ಇರುತ್ತವೆ. ಲೋಳೆಯಲ್ಲಿ ವಿಷವಾಯುವಾದ ನೈಟ್ರಿಕ್ ಆಕ್ಸೈಡು ಬೆರೆತಿರುತ್ತದೆ. ಅದನ್ನು ತಾಳಿಕೊಳ್ಳುವ ಸಿದ್ಧತೆ ಇಲ್ಲದ ಅಣುಜೀವಿಯು ಅಲ್ಲಿಯೇ ಕೊನೆಗಾಣುವುದು. ಇಷ್ಟನ್ನೂ ದಾಟಿ ಒಳಗಿನ ಗೂಡುಗಳನ್ನು ಮುಟ್ಟುವವು ಬೆರಳೆಣಿಕೆಯವು. ಒಂದೊಂದು ಗೂಡಿನಲ್ಲಿ ಮುಂದೆ ತುಂಬಿಕೊಳ್ಳುವ ಸಂತತಿಯೆಲ್ಲವೂ ಬಹುಮಟ್ಟಿಗೆ ಒಂದೋ ಎರಡೋ ಮೂಲಪುರುಷರಿಂದ ಇಳಿದುಬಂದದ್ದು. ಮೊಟ್ಟೆಯೊಡೆದ ಹನ್ನೆರಡು ಗಂಟೆಗಳೊಳಗಾಗಿ ಅಲ್ಲಿ ಲಕ್ಷಗಟ್ಟಲೆ ಕೋಶಗಳು ನೆರೆದು, ಕೋರಂ ಪೂರೈಸಿ, ದೀಪ ಹೊತ್ತಿಕೊಳ್ಳುತ್ತದೆ.

ಇಲ್ಲಿಂದ ಮುಂದಿನ ಸಂಗತಿಯೇ, ನನ್ನ ದೃಷ್ಟಿಯಲ್ಲಿ, ಈ ಇಡೀ ವೃತ್ತಾಂತದ ಹೃದಯ. ಫಿಷೆರಿಗಳು ನೆಲಸಿದ ನಾಲ್ಕೈದು ದಿನಗಳಲ್ಲಿ, ಅವುಗಳನ್ನು ಬರಮಾಡಿಕೊಳ್ಳಲೆಂದೇ ಇದ್ದ ಆ ರೋಮಭರಿತ ಉಪಾಂಗಗಳು ಕುಗ್ಗಿ, ಅವುಗಳ ಕೋಶಗಳು ಒಂದೊಂದಾಗಿ ಸತ್ತು, ಇಲ್ಲವಾಗುತ್ತವೆ. ಮದುವೆ ಮುಗಿದ ಮೇಲೆ ಚಪ್ಪರವನ್ನು ಬಿಚ್ಚುವಂತೆ. ಬ್ಯಾಕ್ಟೀರಿಯ ಬಾರದೆ ಹೋದರೆ ಚಪ್ಪರವೂ ಬಿಚ್ಚುವುದಿಲ್ಲ. ಹಾಗಾದರೆ ಬಿಚ್ಚಲು ಅಪ್ಪಣೆ ಕೊಟ್ಟವರು ಯಾರು? ಮಾರ್ಗರೆಟ್ ಮೆಕ್‌ಫಾಲ್-ನಾಯ್ ಮತ್ತು ಎಡ್ವರ್ಡ್ ರೂಬಿ ಅವರು 1980ರ ದಶಕದ ಕೊನೆಯಿಂದ ತಮ್ಮ ಶಿಷ್ಯರೊಡನೆ ಈ ಜೋಡಿಯನ್ನು ಎಡೆಬಿಡದೆ ಅಭ್ಯಾಸಮಾಡುತ್ತ ಬಂದವರು. ಅವರ ಬಳಗವು 2004ರಲ್ಲಿ ಪ್ರಕಟಿಸಿದ ಉತ್ತರವನ್ನು ಓದಿದಾಗ ನಾನು ಬಹಳ ಹೊತ್ತು ಪುಟವನ್ನು ತಿರುವಲಾಗದೆ ಕುಳಿತಿದ್ದೆ. ಅಪ್ಪಣೆ ಕೊಡುವುದು ಬ್ಯಾಕ್ಟೀರಿಯದ ಕವಚದಿಂದ ಉದುರುವ ಒಂದು ತುಣುಕು. ಕವಚದ ಇನ್ನೊಂದು ದ್ರವ್ಯದ ನೆರವೂ ಅದಕ್ಕೆ ಬೇಕು. ಈ ತುಣುಕು ವೈದ್ಯಶಾಸ್ತ್ರಕ್ಕೆ ಹೊಸದಾಗಿರಲಿಲ್ಲ. ಮಕ್ಕಳನ್ನು ಕಾಡುವ ನಾಯಿಕೆಮ್ಮಿನ ಬ್ಯಾಕ್ಟೀರಿಯವು ಹೊರಸೂಸುವ ವಿಷವೆಂದು ಅದು ಆಗಲೇ ಪ್ರಸಿದ್ಧವಾಗಿತ್ತು. ಮಗುವಿನ ಶ್ವಾಸನಾಳದ ಒಳಗೋಡೆಯಲ್ಲಿ ಕಫವನ್ನು ಮೇಲಕ್ಕೆ ಸಾಗಿಸುವ ರೋಮಕೋಶಗಳನ್ನು ಅದು ಕೊಲ್ಲುತ್ತದೆ. ಕಫವನ್ನು ಹೊರಹಾಕಲು ಬೇರೆ ಉಪಾಯವಿಲ್ಲದೆ ಮಗುವು ಉಸಿರು ಕಟ್ಟುವವರೆಗೆ ಕೆಮ್ಮುತ್ತದೆ. ಅದೇ ಅಣು, ಅದೇ ರೋಮಕೋಶಗಳನ್ನು ಕೊಲ್ಲುವ ಅದೇ ಕ್ರಿಯೆ, ಹವಾಯಿಯ ಪ್ರಾಣಿಯಲ್ಲಿ ಒಂದು ಅಂಗವನ್ನು ಪ್ರೌಢಾವಸ್ಥೆಗೆ ತರುವ ಸಂಸ್ಕಾರವಾಗಿದೆ.

ವಿಷವೆಂಬ ಹೆಸರು ಆ ಅಣುವಿಗೆ ಬಂದದ್ದು, ಅದನ್ನು ನಾವು ಮೊದಲು ಕಂಡದ್ದು ರೋಗಿಯ ಹಾಸಿಗೆಯ ಬಳಿಯಲ್ಲಿ ಎಂಬ ಕಾರಣದಿಂದ. ನಮ್ಮ ಅಣುಜೀವಿಶಾಸ್ತ್ರದ ಬಹುಭಾಗ ಹುಟ್ಟಿದ್ದೇ ಅಲ್ಲಿ; ಕಾಲರಾ ತರುವ ಜೀವಿಯೂ ವಿಬ್ರಿಯೊ ಎಂಬ ಹೆಸರಿನದೇ ಆಗಿರುವುದರಿಂದ ಆ ಮನೆತನದ ಮೇಲೆ ನಮಗೆ ಮುನಿಸಿರುವುದು ಅಸಹಜವೂ ಅಲ್ಲ. ಆದರೆ ಮೊದಲ ಭೇಟಿಯಲ್ಲಿ ಕಂಡ ಮುಖವೇ ಪೂರ್ಣಸ್ವರೂಪವೆಂದು ನಂಬಿದ್ದು ನಮ್ಮ ತಪ್ಪು, ಆ ತಪ್ಪನ್ನು ಹೆಬ್ಬೆರಳಿನ ಗಾತ್ರದ ಒಂದು ಪ್ರಾಣಿ ತಿದ್ದಿತೆಂದು ನಾನು ಧಾರಾಳವಾಗಿ ಹೇಳಬಲ್ಲೆ.

ಈ ಸಹಜೀವನವು ಕೇವಲ ಸೌಹಾರ್ದದ್ದೆಂದು ಭಾವಿಸುವುದೂ ಸರಿಯಲ್ಲ. ಬೆಳಕು ಕೊಡುವ ಜೀನುಗಳನ್ನು ತೆಗೆದುಹಾಕಿದ ಫಿಷೆರಿಗಳನ್ನು ಮರಿಯೊಳಗೆ ಬಿಟ್ಟರೆ, ಅವು ಮೊದಲು ಎಲ್ಲರಂತೆಯೇ ನೆಲಸಿದರೂ ಕೆಲವು ದಿನಗಳಲ್ಲಿ ಸಂಖ್ಯೆಯಲ್ಲಿ ಇಳಿದುಹೋಗುತ್ತವೆ. ಬೆಳಗದವರಿಗೆ ಅಲ್ಲಿ ಬಾಳುವೆಯಿಲ್ಲ. ಬೆಳಗುವವರ ದಿನಚರಿಯೂ ಕಠಿಣವಾದುದೇ. ಪ್ರತಿದಿನ ಅರುಣೋದಯಕ್ಕೆ, ಪ್ರಾಣಿಯು ಮರಳಿಗೆ ಇಳಿಯುವ ಮುನ್ನ, ತನ್ನ ಗೂಡುಗಳನ್ನು ಹಿಂಡಿ ಅಲ್ಲಿರುವ ಬ್ಯಾಕ್ಟೀರಿಯಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚನ್ನು ಗಟ್ಟಿಯಾದ ಗಸಿಯಂತೆ ಕಡಲಿಗೆ ಉಗುಳಿಬಿಡುತ್ತದೆ. ಉಳಿದ ಅಷ್ಟಿಷ್ಟೇ ಬೀಜವಾಗಿ, ಮಧ್ಯಾಹ್ನದ ಹೊತ್ತಿಗೆ ಗೂಡು ಮತ್ತೆ ತುಂಬಿ, ಸಂಜೆಗೆ ದೀಪ ಸಿದ್ಧವಾಗಿರುತ್ತದೆ. ಇರುಳಲ್ಲಿ ಪ್ರಾಣಿಯ ರಕ್ತಕೋಶಗಳು ಕೈಟಿನನ್ನು ತಂದು ಸುರಿಯುತ್ತವೆ. ಅದನ್ನು ಬ್ಯಾಕ್ಟೀರಿಯಗಳು ಹುದುಗೆಬ್ಬಿಸಿ ತಿನ್ನುವಾಗ ಗೂಡು ಹುಳಿಯಾಗುತ್ತದೆ. ಹುಳಿಯಾದಾಗ ಪ್ರಾಣಿಯ ನೀಲಿ ರಕ್ತವು ತಾನು ಹೊತ್ತುತಂದ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಆ ಆಮ್ಲಜನಕದಿಂದಲೇ ಬೆಳಕು. ಪ್ರಾಣಿಯ ದೀಪಾಂಗದಲ್ಲಿ ಹಗಲಿರುಳಿನ ತಾಳವನ್ನು ಹಿಡಿಯುವ ಜೀನೊಂದು ಹೊರಗಿನ ಸೂರ್ಯನಿಗಿಂತ ಹೆಚ್ಚಾಗಿ ಒಳಗಿನ ಬ್ಯಾಕ್ಟೀರಿಯಗಳ ಬೆಳಕಿಗೆ ಓಗೊಡುತ್ತದೆಂದು 2013ರಲ್ಲಿ ಗೊತ್ತಾಗಿದೆ.

ಇದನ್ನು ಕಂಡು ಕೆಲವರು ಬ್ಯಾಕ್ಟೀರಿಯಗಳನ್ನು ಜೀತದಾಳುಗಳೆಂದೂ, ಕೆಲವರು ಪ್ರಾಣಿಯನ್ನೇ ಅವುಗಳ ವಾಹನವೆಂದೂ ವರ್ಣಿಸಬಹುದು. ನನಗೆ ಎರಡೂ ಒಪ್ಪಿಗೆಯಿಲ್ಲ. ಜೀತದಾಳಿಗೆ ಹೊರಗೆ ಹೋಗುವ ಸ್ವಾತಂತ್ರ್ಯವಿರುವುದಿಲ್ಲ. ಫಿಷೆರಿಯಾದರೋ ಪ್ರತಿದಿನ ಬೆಳಗ್ಗೆ ಕಡಲಿಗೆ ಹಿಂತಿರುಗುತ್ತದೆ, ಪ್ರಾಣಿಯ ಹಂಗಿಲ್ಲದೆಯೂ ನೀರಿನಲ್ಲಿ ಬದುಕುತ್ತದೆ. ಪ್ರಾಣಿಯೂ ಹಾಗೆಯೇ: ಬ್ಯಾಕ್ಟೀರಿಯದ ಸೋಂಕೇ ಇಲ್ಲದಂತೆ ಪ್ರಯೋಗಶಾಲೆಯ ತೊಟ್ಟಿಯಲ್ಲಿ ಸಾಕಿದರೆ ಅದು ಬೆಳೆದು ದೊಡ್ಡದಾಗುತ್ತದೆಂದು 2000ದಲ್ಲಿ ತೋರಿಸಲಾಗಿದೆ. ಕೆಳಗಿನಿಂದ ನೋಡುವ ಹಸಿದ ಮೀನು ತೊಟ್ಟಿಯಲ್ಲಿಲ್ಲ. ಒಂದನ್ನೊಂದು ಬಿಟ್ಟು ಇರಬಲ್ಲ ಇಬ್ಬರು, ಒಬ್ಬರನ್ನೊಬ್ಬರು ಬದಲಾಯಿಸುತ್ತ ಕೂಡಿ ಬಾಳುವುದಕ್ಕೆ ಒಡೆತನದ ಭಾಷೆ ಹೊಂದುವುದಿಲ್ಲ.

ಇಂಥ ಆಪ್ತತೆಯು ಕೋಟ್ಯಂತರ ವರ್ಷಗಳ ಅಸಂಖ್ಯ ತಿದ್ದುಪಡಿಗಳಿಂದ ಮಾತ್ರ ಕೈಗೂಡಿರಬೇಕೆಂದು ನಾವು ಊಹಿಸುತ್ತೇವೆ. ಆದರೆ ಜಪಾನಿನ ಕಡಲಿನಲ್ಲಿ ಮೈಯೆಲ್ಲ ಗಟ್ಟಿ ಹುರುಪೆಗಳಿಂದ ಕೂಡಿದ ಮೊನೊಸೆಂಟ್ರಿಸ್ ಎಂಬ ಮೀನೊಂದಿದೆ. ಅದರ ದವಡೆಯ ದೀಪದಲ್ಲಿಯೂ ಬೆಳಗುವುದು ಫಿಷೆರಿಯೇ. ಆ ಮೀನಿನಿಂದ ತೆಗೆದ ತಳಿಗೆ ಹವಾಯಿಯ ಪ್ರಾಣಿಯೊಳಗೆ ಪ್ರವೇಶ ಸಿಗದು. 2009ರಲ್ಲಿ, ಇತರ ಜೀನುಗಳನ್ನು ನಿಯಂತ್ರಿಸುವ ಒಂದೇ ಒಂದು ಜೀನನ್ನು ಆ ತಳಿಗೆ ಸೇರಿಸಿ ನೋಡಿದರು. ಬಾಗಿಲು ತೆರೆಯಿತು.

ಬೆಳಕು ಯಾರ ಸೊತ್ತೆಂಬ ಪ್ರಶ್ನೆಗೆ ಈಗ ನನ್ನ ಉತ್ತರವನ್ನು ಹೇಳುತ್ತೇನೆ. ಪ್ರಾಣಿಯ ದೀಪಾಂಗದಿಂದ ತೆಗೆದ ಫಿಷೆರಿಗಳನ್ನು ಸೀಸೆಯಲ್ಲಿ ಬೆಳೆಸಿದರೆ ಅವುಗಳ ಬೆಳಕು ಬರಿಗಣ್ಣಿಗೆ ಕಾಣದಷ್ಟು ಕ್ಷೀಣ. ಅದೇ ಕೋಶಗಳು ಪ್ರಾಣಿಯ ಒಡಲಿನಲ್ಲಿದ್ದಾಗ ಸುಮಾರು ಸಾವಿರ ಮಡಿ ಪ್ರಖರವಾಗಿ ಬೆಳಗುತ್ತವೆ. ಆದುದರಿಂದ ಆ ಬೆಳಕು ಬ್ಯಾಕ್ಟೀರಿಯದ್ದೆಂದರೂ ಅಪೂರ್ಣ, ಪ್ರಾಣಿಯದೆಂದರೂ ಅಪೂರ್ಣ. ಅದು ಹುಟ್ಟುವುದು ಇಬ್ಬರ ಸಂಸರ್ಗದಲ್ಲಿ.

ಪ್ರಾಣಿಯ ಆಯುಷ್ಯ ಒಂದು ವರ್ಷವನ್ನೂ ಮುಟ್ಟುವುದು ಅಪರೂಪ. ಹೆಣ್ಣು ಇಡುವ ನೂರಾರು ಮೊಟ್ಟೆಗಳಲ್ಲಿ ಯಾವುದರ ದೀಪಾಂಗದಲ್ಲಿಯೂ ಒಂದು ಫಿಷೆರಿಯೂ ಇರುವುದಿಲ್ಲ. ಸುಮಾರು ಇಪ್ಪತ್ತು ದಿನಗಳ ನಂತರ ಮೊಟ್ಟೆಯೊಡೆಯುವ ಪ್ರತಿಯೊಂದು ಮರಿಯೂ ತನ್ನ ಪಾಲಿನದನ್ನು ಕಡಲಿನಿಂದ ತಾನೇ ಆರಿಸಿಕೊಳ್ಳಬೇಕು. ಹವಾಯಿಯ ತೀರದ ನೀರನ್ನು ಬೇರೆ ಬೇರೆ ಎಡೆಗಳಲ್ಲಿ ಮೊಗೆದು ಪರೀಕ್ಷಿಸಿದವರಿಗೆ, ಈ ಪ್ರಾಣಿಗಳು ವಾಸಿಸುವಲ್ಲಿ ಫಿಷೆರಿಗಳ ಸಂಖ್ಯೆ ಅವು ಇಲ್ಲದ ಕಡೆಗಿಂತ ಬಹಳ ಹೆಚ್ಚಾಗಿರುವುದು ಕಂಡುಬಂದಿದೆ. ಹಿರಿಯ ಪ್ರಾಣಿಗಳು ಬೆಳಗಿನ ಜಾವದಲ್ಲಿ ಹೊರಚೆಲ್ಲಿದವೇ ಅವು. ಅದೇ ದಿನ ಕತ್ತಲಾದ ಮೇಲೆ ಹುಟ್ಟುವ ಮರಿಯ ಲೋಳೆಗೆ ಬಂದು ಅಂಟಿಕೊಳ್ಳುವವೂ ಅವೇ.